ಅಂಬಿಗನ ದೋಣಿಯಲ್ಲಿ ಯೋಧ



ಹನ್ನೆರಡನೆಯ ಶತಮಾನದ ಶರಣರಲ್ಲಿ ಬಹುತೇಕರು ತಮ್ಮ ವಚನಗಳ ಕೊನೆಗೆ ತಮ್ಮ ಆರಾಧ್ಯದೈವದ ಹೆಸರನ್ನು ಅಂಕಿತವಾಗಿ ಇರಿಸಿದರು. ನಿಜಶರಣ ಅಂಬಿಗರ ಚೌಡಯ್ಯನವರಾದರೋ ತಮ್ಮ ಹೆಸರನ್ನೇ, ಅದೂ ತಮ್ಮ ಕಾಯಕದೊಡನೆ ಬೆಸೆದುಕೊಂಡ ಹೆಸರನ್ನೇ, ಅಂಕಿತವಾಗಿಸಿಕೊಂಡರು. ಹುಟ್ಟು ಹಾಕುವ ಕೈಯೂ ವಚನ ನುಡಿಯುವ ನಾಲಗೆಯೂ ಬೇರೆ ಬೇರೆಯಲ್ಲವೆಂಬುದನ್ನು ಇದಕ್ಕಿಂತ ನೇರವಾಗಿ ಹೇಳುವುದು ಸಾಧ್ಯವಿರಲಿಲ್ಲ. ರಾಣೆಬೆನ್ನೂರು ತಾಲೂಕಿನ ಚೌಡದಾನಪುರ, ಅಲ್ಲಿನ ತುಂಗಭದ್ರೆಯ ದಡ, ಅವರ ನೆನಪನ್ನು ಇಂದಿಗೂ ಹೊತ್ತು ನಿಂತಿದೆ. ಅವರ ನುಡಿಯ ನಿಷ್ಠುರತೆಯ ಬಗೆಗೆ ವಿದ್ವಾಂಸರು ಬಹಳ ಬರೆದಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಕಾಯಕದ ಒಂದು ಸಣ್ಣ ಸಂಗತಿ. ದೋಣಿ ಹತ್ತಿದವನು ಕುಳಿತುಕೊಳ್ಳಲೇಬೇಕು. ಅರಸನಾಗಲಿ, ಆಳಾಗಲಿ, ಖಡ್ಗ ಹಿಡಿದ ದಂಡಿನವನಾಗಲಿ, ಹುಟ್ಟು ಅಂಬಿಗನ ಕೈಯಲ್ಲಿರುವವರೆಗೆ ಉಳಿದವರೆಲ್ಲರೂ ಕುಳಿತು ದಡವನ್ನು ನೋಡುವುದಷ್ಟೇ. ಸದಾ ನಿಂತೇ ಇರಬೇಕಾದವನಿಗೆ, ಸದಾ ಎಚ್ಚರವಿರಬೇಕಾದವನಿಗೆ, ಹೀಗೆ ಕುಳ್ಳಿರಿಸುವುದೂ ಒಂದು ದಾಸೋಹವಾಗಬಲ್ಲದೇ ಎಂಬುದು ಈ ಬರಹದ ವಿಚಾರ.

ವಿಚಾರ ಮೊಳೆತದ್ದು ದೂರದ ಸುದ್ದಿಯೊಂದರಿಂದ. ನನ್ನ ತಂಗಿಯ ಮಗ ಅಮೆರಿಕದ ಪೂರ್ವ ಕರಾವಳಿಯಲ್ಲಿ ಕೆಲಸದಲ್ಲಿದ್ದಾನೆ. ಅವನಿರುವ ಕಡೆ, ಸ್ವಂತ ದೋಣಿಯುಳ್ಳ ಜನ ವರ್ಷದಲ್ಲಿ ಒಂದು ದಿನ ಹತ್ತಿರದ ಸೇನಾನೆಲೆಯ ಸೈನಿಕರನ್ನು ತಮ್ಮ ದೋಣಿಗಳಲ್ಲಿ ಕೂರಿಸಿಕೊಂಡು ಸಮುದ್ರಕ್ಕೆ ಮೀನು ಹಿಡಿಯಲು ಕರೆದೊಯ್ಯುತ್ತಾರಂತೆ. ಇಂಧನ, ಗಾಳ, ಊಟ ಎಲ್ಲವೂ ದೋಣಿಯವರದೇ. ಸೈನಿಕ ಕೈಬೀಸಿಕೊಂಡು ಬಂದರಾಯಿತು. ನಮ್ಮ ಹುಡುಗ ದಕ್ಕೆಯ ಮೇಲೆ ನಿಂತು ಬುತ್ತಿಯ ಪೊಟ್ಟಣಗಳನ್ನು ಹಂಚುವ ಸೇವೆಗೆ ಹೋಗಿದ್ದ. “ಭಾಷಣಗಳು ಬಹಳ ಇದ್ದವೇನಪ್ಪಾ?” ಎಂದು ಕೇಳಿದೆ. “ಒಂದೂ ಇರಲಿಲ್ಲ ಮಾಮಾ. ಮುಂಜಾನೆ ದೋಣಿ ಹತ್ತುವಾಗ ಎಲ್ಲರೂ ಸಾಲಾಗಿ ನಿಂತಿದ್ದರು, ಸಂಜೆ ಇಳಿಯುವಾಗ ಸಾಲೇ ಇರಲಿಲ್ಲ” ಎಂದ. ಆ ಮಾತು ನನ್ನಲ್ಲಿ ಉಳಿಯಿತು.

ಆ ದೇಶದಲ್ಲಿ ಇದು ಒಂದು ಊರಿನ ಪದ್ಧತಿ ಮಾತ್ರವಲ್ಲ. 2005ರಲ್ಲಿ, ಆಗ ವಾಷಿಂಗ್ಟನ್ ನಗರದಲ್ಲಿದ್ದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ, ನೌಕಾಪಡೆಯಿಂದ ನಿವೃತ್ತರಾದ ಎಡ್ ನಿಕೋಲ್ಸನ್ ಎಂಬುವರು ಗಾಯಾಳು ಸೈನಿಕರಿಗೆ ಹೊಳೆಯಲ್ಲಿ ಗಾಳ ಬೀಸುವುದನ್ನು ಕಲಿಸುವ ಕಾರ್ಯವನ್ನು ಆರಂಭಿಸಿದರು. ‘ಪ್ರಾಜೆಕ್ಟ್ ಹೀಲಿಂಗ್ ವಾಟರ್ಸ್’ ಎಂಬ ಹೆಸರಿನ ಆ ಸಂಸ್ಥೆ ಮುಂದೆ ದೇಶದಾದ್ಯಂತ ಹಬ್ಬಿತು. 2007ರಲ್ಲಿ ಟೆಕ್ಸಾಸ್ ಪ್ರಾಂತದಲ್ಲಿ ‘ಹೀರೋಸ್ ಆನ್ ದ ವಾಟರ್’ ಎಂಬ ಇನ್ನೊಂದು ಸಂಸ್ಥೆ ಹುಟ್ಟಿ, ಸಣ್ಣ ದೋಣಿಗಳಲ್ಲಿ ಯೋಧರನ್ನು ನೀರಿಗಿಳಿಸತೊಡಗಿತು. ಕೈಕಾಲು ಕಳೆದುಕೊಂಡವರು, ಕಾಣುವ ಗಾಯವಿಲ್ಲದೆಯೂ ರಾತ್ರಿಯ ನಿದ್ದೆಯನ್ನು ಕಳೆದುಕೊಂಡವರು, ಇಂಥವರೇ ಇಂತಹ ದೋಣಿಗಳ ಪಯಣಿಗರು. ಔಷಧೋಪಚಾರ ವೈದ್ಯರದು. ದೋಣಿಯವರದು ಜೊತೆಗೂಡುವಿಕೆ, ಅಷ್ಟೇ.

ಓದುತ್ತಿರುವ ಭಕ್ತರಲ್ಲಿ ಹಲವರಿಗೆ ಇಲ್ಲಿ ಮನಸ್ಸು ಹಿಂಜರಿಯುವುದೆಂದು ಬಲ್ಲೆ. ಮೀನು ಹಿಡಿಯುವುದೆಂದರೆ ಜೀವಹಿಂಸೆ. ಅದನ್ನು ಮಠದ ಪುಟದಲ್ಲಿ ಸೇವೆಯೆಂದು ಬರೆಯುವುದೆಂತು? ನಮ್ಮ ಮನೆಯಲ್ಲಿಯೇ ಈ ಪ್ರಶ್ನೆ ಎದ್ದಿತ್ತು, ಅದೂ ಅಮೆರಿಕದ ಸುದ್ದಿ ಬರುವುದಕ್ಕೆ ಬಹಳ ಮೊದಲೇ. ಅದನ್ನೇ ಹೇಳುತ್ತೇನೆ.

ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಗೆ ಸಮುದ್ರವಿಲ್ಲ, ಕೃಷ್ಣೆ ಇದ್ದಾಳೆ. ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು ಬರುವ ಆಕೆಗೆ ನಮ್ಮಲ್ಲಿ ದೂಧಗಂಗೆ ಸೇರುತ್ತಾಳೆ. ದೂಧಗಂಗೆಯೊಳಗೆ ಅದಕ್ಕೂ ಮೊದಲೇ ವೇದಗಂಗೆ ಬೆರೆತಿರುತ್ತಾಳೆ. ಕೊಯ್ನಾ ಕಣಿವೆಯಲ್ಲಿ, ಕೊಲ್ಹಾಪುರದ ಘಟ್ಟದಲ್ಲಿ ಮಳೆ ಬಿದ್ದರೆ ನಮ್ಮ ಊರುಗಳಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. ಕಲ್ಲೋಳ–ಯಡೂರು, ಕಾರದಗಾ–ಭೋಜ, ಜತ್ರಾಟ–ಭಿವಶಿ, ಸಿದ್ನಾಳ–ಅಕ್ಕೋಳ ಮುಂತಾದ ಕೆಳಮಟ್ಟದ ಸೇತುವೆಗಳು ಹೆಚ್ಚುಕಡಿಮೆ ಪ್ರತಿ ಮಳೆಗಾಲದಲ್ಲಿ ಮುಳುಗಿ, ಊರಿಗೂ ಊರಿಗೂ ನಡುವಿನ ಎರಡು ಮೈಲಿಯ ಹಾದಿ ಇಪ್ಪತ್ತು ಮೈಲಿಯ ಸುತ್ತಾಗುತ್ತದೆ. ಈ ಸೇತುವೆಗಳೂ ಇಲ್ಲದ ಕಾಲದಲ್ಲಿ ದಂಡೆಯಿಂದ ದಂಡೆಗೆ ಜನರನ್ನು, ದನಗಳನ್ನು, ಮದುವೆಯ ದಿಬ್ಬಣಗಳನ್ನು, ಯಡೂರಿನ ವೀರಭದ್ರನಿಗೂ ಚಿಂಚಲಿಯ ಮಾಯಕ್ಕನಿಗೂ ಹೊರಟ ಭಕ್ತರನ್ನು ದಾಟಿಸಿದವರು ಅಂಬಿಗರು. ಈಗ ಅವರಲ್ಲಿ ದೋಣಿ ಉಳಿಸಿಕೊಂಡವರು ಕೆಲವರೇ. ಉಳಿಸಿಕೊಂಡವರಿಗೆ ಮೀನುಗಾರಿಕೆಯೇ ಜೀವನೋಪಾಯ.

ಹಾಗೆಯೇ ಸೈನ್ಯವೂ ನಮ್ಮ ಸೀಮೆಗೆ ಹೊಸದಲ್ಲ. 1768ರಷ್ಟು ಹಿಂದಕ್ಕೆ ಮೂಲವುಳ್ಳ ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಯಲ್ಲಿದೆ. ಭರ್ತಿಯ ಮೇಳಕ್ಕೆಂದು ನಸುಕಿನಲ್ಲಿ ಹೊಳೆಯ ದಂಡೆಯ ರಸ್ತೆಯಲ್ಲಿ ಓಡುವ ಹುಡುಗರನ್ನು ನಾನು ಪ್ರತಿ ವರ್ಷವೂ ಕಾಣುತ್ತೇನೆ. ಇತ್ತೀಚಿನ ವರ್ಷಗಳಲ್ಲಿ ಒಂದು ಒಳ್ಳೆಯ ರೂಢಿಯೂ ಬೆಳೆದಿದೆ. ಸೇವೆ ಮುಗಿಸಿ ಬಂದ ಯೋಧನನ್ನು ತೆರೆದ ಜೀಪಿನಲ್ಲಿ ನಿಲ್ಲಿಸಿ, ಹೂಮಾಲೆ ಹಾಕಿ, ಹಲಗೆ–ಝಾಂಜು ಬಾರಿಸುತ್ತ ಊರ ತುಂಬ ಮೆರವಣಿಗೆ ಮಾಡುತ್ತಾರೆ. ಶಾಲೆಯ ಮಕ್ಕಳು ಧ್ವಜ ಹಿಡಿಯುತ್ತಾರೆ, ತಾಯಂದಿರು ಆರತಿ ಬೆಳಗುತ್ತಾರೆ. ಇದು ಸ್ತುತ್ಯವೇ. ಆದರೆ ಅಲ್ಲಿಯೂ ನಾವು ಅವನನ್ನು ನಿಲ್ಲಿಸಿಯೇ ಇರುತ್ತೇವೆಂಬುದನ್ನು ಗಮನಿಸಬೇಕು. ಮರುದಿನ ಮಾಲೆ ಬಾಡುತ್ತದೆ. ಜೀಪು ಇನ್ನೊಂದು ಊರಿಗೆ ಹೋಗುತ್ತದೆ. ಯೋಧ ತನ್ನ ಮನೆಯ ಕಟ್ಟೆಯ ಮೇಲೆ ಒಬ್ಬನೇ ಉಳಿಯುತ್ತಾನೆ.

ನನ್ನ ದೊಡ್ಡಪ್ಪನ ಮಗ ಅಣ್ಣ ಇಪ್ಪತ್ತನಾಲ್ಕು ವರ್ಷಗಳ ಸೇವೆ ಮುಗಿಸಿ 2014ರಲ್ಲಿ ಹವಾಲ್ದಾರನಾಗಿ ನಿವೃತ್ತನಾದನು. ಸೇವೆಯ ಒಂದು ಭಾಗವನ್ನು ಆತ ಸಿಯಾಚಿನ್ ಹಿಮನದಿಯ ಮೇಲೆ ಕಳೆದಿದ್ದನು. ಊರಿಗೆ ಬಂದ ಮೇಲೆ ಹೊಲದ ಕೆಲಸ ನೋಡಿದನು, ಮಗಳ ಮದುವೆ ಮಾಡಿದನು, ಎಲ್ಲವೂ ಸರಿಯಾಗಿಯೇ ಇತ್ತು. ಮಾತು ಮಾತ್ರ ಇರಲಿಲ್ಲ. ರಾತ್ರಿ ಎರಡಕ್ಕೆ ಎದ್ದು ಅಂಗಳದಲ್ಲಿ ಸುತ್ತು ಹಾಕುತ್ತಿದ್ದನು, ಪಹರೆಯವನಂತೆ. ಮಠದ ಶಿವಾನುಭವಕ್ಕೆ ಕರೆದರೆ ಬರುತ್ತಿದ್ದನು. ಹಿಂದಿನ ಕಂಬಕ್ಕೆ ಬೆನ್ನು ಹಚ್ಚಿ ಬಾಗಿಲಿನತ್ತ ಮುಖ ಮಾಡಿ ಕೂರುತ್ತಿದ್ದನು. ದೊಡ್ಡವ್ವ ತನ್ನ ತಿಳಿವಿಗೆ ಬಂದ ದೈವಗಳಿಗೆಲ್ಲ ಹರಕೆ ಹೊತ್ತಳು.

ಅವನನ್ನು ಮನೆಯಿಂದ ಹೊರಗೆ ತಂದವನು ಅವನ ಪ್ರಾಥಮಿಕ ಶಾಲೆಯ ಗೆಳೆಯನಾದ ಅಂಬಿಗ. ಒಂದು ಮುಂಜಾನೆ ನಸುಕಿನಲ್ಲಿ ಹೊಳೆಗೆ ಹೊರಟವನು, ಅಂಗಳದಲ್ಲಿ ಸುತ್ತುತ್ತಿದ್ದ ಅಣ್ಣನನ್ನು ಕಂಡು, “ಏ ಮಿಲ್ಟ್ರಿ, ಹ್ಯಾಂಗೂ ಎದ್ದೇ ಅದೀ, ಬಾ, ದೋಣ್ಯಾಗ ಭಾರಕ್ಕ ಒಬ್ಬಾಂವ ಬೇಕಾಗ್ಯಾನ” ಎಂದನು. ಉಪಚಾರವೆಂದು ಕರೆದಿದ್ದರೆ ಅಣ್ಣ ಹೋಗುತ್ತಿರಲಿಲ್ಲ. ಭಾರಕ್ಕೆಂದು ಕರೆದದ್ದರಿಂದ ಹೋದನು. ಮರುದಿನವೂ ಹೋದನು. ಅಂಬಿಗ ಹಿಂದಿನ ಸಂಜೆ ಇಳಿಬಿಟ್ಟ ಬಲೆಯನ್ನು ಮೇಲೆತ್ತುವಾಗ ಅಣ್ಣ ದೋಣಿಯ ಮತ್ತೊಂದು ತುದಿಯಲ್ಲಿ ಕುಳಿತಿರುತ್ತಿದ್ದನು. ಇಬ್ಬರೂ ಏನು ಮಾತನಾಡುತ್ತಿದ್ದರೆಂದು ಒಮ್ಮೆ ಕೇಳಿದೆ. “ಮಾತಾಡಿದ್ರ ಮೀನಾ ಓಡ್ತಾವ” ಎಂದು ಅಂಬಿಗ ನಕ್ಕುಬಿಟ್ಟನು.

ವಿಷಯ ದೊಡ್ಡವ್ವನಿಗೆ ತಿಳಿದ ದಿನ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ತ್ರಿಕಾಲ ಲಿಂಗಪೂಜೆಯ ಮನೆ ನಮ್ಮದು. “ಮೀನಾ ಹಿಡಿಯೂ ದೋಣ್ಯಾಗ ಕುಂಡ್ರಾಕ ಇಷ್ಟ ವರ್ಷ ದೇಶಾ ಕಾಯ್ದಿ ಏನಪಾ?” ಎಂದು ಕೇಳಿದಳು. ಅಣ್ಣ ಉತ್ತರಿಸಲಿಲ್ಲ. ಸ್ವಲ್ಪ ಹೊತ್ತಿನ ನಂತರ, “ನಾ ಬಲಿ ಮುಟ್ಟೂದಿಲ್ಲವ್ವ. ಅಲ್ಲಿ ಕುಂತ್ರ ನನಗ ನಿದ್ದಿ ಬರ್ತೈತಿ” ಎಂದನು. ಊರಿಗೆ ಬಂದ ಮೇಲೆ ಅವನು ತನ್ನ ಬಗೆಗೆ ಆಡಿದ ಮೊದಲ ಮಾತು ಅದು. ದೊಡ್ಡವ್ವ ಪೂಜೆಯ ಕೋಣೆಗೆ ಹೋಗಿ ಬಹಳ ಹೊತ್ತು ಕುಳಿತಳು. ಏನು ಯೋಚಿಸಿದಳೋ ಯಾರಿಗೂ ಹೇಳಲಿಲ್ಲ. ಮರುದಿನ ನಾಲ್ಕು ಗಂಟೆಗೆ ಎದ್ದು ಜೋಳದ ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಕಟ್ಟಿದಳು. ಬುತ್ತಿಯ ಗಂಟು ಎರಡಿದ್ದವು.

ಈ ಎರಡನೆಯ ಗಂಟಿನ ಬಗೆಗೆ ನಾನು ಬಹಳ ಚಿಂತಿಸಿದ್ದೇನೆ. ದಯೆಯೇ ಧರ್ಮದ ತಳಹದಿಯೆಂಬುದನ್ನು ನಾವು ಶರಣರಿಂದ ಕಲಿತಿದ್ದೇವೆ, ಅದರಲ್ಲಿ ರಾಜಿಯಿಲ್ಲ. ಜಲಚರಗಳೂ ಸಕಲ ಪ್ರಾಣಿಗಳೊಳಗೇ ಬರುತ್ತವೆ. ಆದುದರಿಂದ ಮೀನು ಹಿಡಿಯುವುದನ್ನು ನಾನು ಸೇವೆಯೆಂದು ಕರೆಯಲಾರೆ. ಕರೆದೊಯ್ಯುವುದನ್ನು, ಜೊತೆಯಲ್ಲಿ ಕೂರುವುದನ್ನು ಸೇವೆಯೆನ್ನುತ್ತೇನೆ. ಇವೆರಡೂ ಒಂದೇ ದೋಣಿಯಲ್ಲಿ ನಡೆಯುತ್ತವೆಂಬುದೇ ನಮ್ಮ ಇಕ್ಕಟ್ಟು. ಗಾಳವಿಲ್ಲದ ದೋಣಿಯೇ ಉತ್ತಮವಲ್ಲವೇ ಎಂದು ಕೇಳಬಹುದು, ನನ್ನ ಅಭಿಪ್ರಾಯವೂ ಅದೇ. ಆದರೆ ನಮ್ಮ ಪೈಕಿ ಯಾರ ಬಳಿಯೂ ಆಗ ದೋಣಿ ಇರಲಿಲ್ಲ. ಗಾಳವಿಲ್ಲದ ನಾವು ಯಾರೂ ನಸುಕಿನ ಎರಡು ಗಂಟೆಗೆ ಎದ್ದವನನ್ನು ‘ಬಾ’ ಎಂದು ಕರೆದಿರಲಿಲ್ಲ. ಕರೆದವನು ಬಲೆಯುಳ್ಳವನು. ಅವನ ಬಲೆಯನ್ನು ಒಪ್ಪದೆಯೇ ಅವನ ಹಸಿವನ್ನು ಒಪ್ಪುವ ದಾರಿಯೊಂದನ್ನು, ಓದು ಬಾರದ ನಮ್ಮ ದೊಡ್ಡವ್ವ ಆ ಎರಡನೆಯ ಗಂಟಿನಲ್ಲಿ ಕಟ್ಟಿದ್ದಳು. ಅಂದಿನಿಂದ ಅಂಬಿಗ ದೋಣಿಯಲ್ಲಿ ಬುತ್ತಿ ಬಿಚ್ಚಿದಾಗಲೆಲ್ಲ ಇಬ್ಬರೂ ಉಂಡದ್ದು ರೊಟ್ಟಿಯನ್ನೇ. ಅವನ ಮನೆಯ ಒಲೆಯ ಮೇಲೆ ಏನು ಬೇಯುತ್ತಿತ್ತೆಂಬುದು ಅವನ ಮನೆಯ ಮಾತು.

2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಯೋಧರು ಹೂತುಹೋದರು. ಅವರಲ್ಲೊಬ್ಬರು ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಆರನೆಯ ದಿನ ಹಿಮದಡಿಯಿಂದ ಅವರನ್ನು ಜೀವಂತವಾಗಿ ಹೊರತೆಗೆದರೆಂಬ ಸುದ್ದಿ ಬಂದಾಗ ನಾಡೆಲ್ಲ ದೇವರ ಮುಂದೆ ದೀಪ ಹಚ್ಚಿತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಆ ದಿನಗಳಲ್ಲಿ ಮನೆಮನೆಯ ದೂರದರ್ಶನಗಳಲ್ಲಿ ಬಿಳಿಯ ಹಿಮವೊಂದೇ. ಅಣ್ಣ ಅದನ್ನು ನೋಡಲಿಲ್ಲ. ಹನ್ನೊಂದರಂದು ಮುಂಜಾನೆ ದೋಣಿ ಹತ್ತಿದವನು ಸಂಜೆಯವರೆಗೆ ಇಳಿಯಲಿಲ್ಲ. ಅಂಬಿಗನೂ ಅಂದು ಬಲೆಯನ್ನು ನೀರಿಗೆ ಬಿಡಲಿಲ್ಲ. ಅವನಿಗೆ ಅದು ಒಂದು ದಿನದ ಗಳಿಕೆ. ನಡುಹೊಳೆಯಲ್ಲಿ ಲಂಗರಿನ ಕಲ್ಲು ಇಳಿಸಿ ಸುಮ್ಮನೆ ಕುಳಿತನು. ಅಲ್ಲಿ ಅಣ್ಣ ತನ್ನ ತುಕಡಿಯ ಒಬ್ಬ ಹುಡುಗನ ಬಗೆಗೆ, ಅವನನ್ನು ಹುಡುಕಿದ ಮೂರು ದಿನಗಳ ಬಗೆಗೆ, ಅವನ ತಾಯಿಗೆ ಪತ್ರ ಬರೆಯಬೇಕಾಗಿ ಬಂದದ್ದರ ಬಗೆಗೆ ಹೇಳಿದನಂತೆ. ಹೇಳಿದ್ದನೆಂಬುದಷ್ಟೇ ನಮಗೆ ತಿಳಿದದ್ದು. ವಿವರವನ್ನು ಅಂಬಿಗ ಇಂದಿಗೂ ಯಾರ ಮುಂದೆಯೂ ಬಿಚ್ಚಿಲ್ಲ. ದಡ ಮುಟ್ಟಿಸುವವನಿಗೆ ನಡುಹೊಳೆಯ ಮಾತನ್ನು ನಡುಹೊಳೆಯಲ್ಲಿಯೇ ಬಿಟ್ಟು ಬರುವ ಸಂಯಮವೂ ಇರಬೇಕೆಂದು ನಾನು ಅರಿತದ್ದು ಅವನಿಂದ.

ಇನ್ನು 2019ರ ಆಗಸ್ಟ್ ತಿಂಗಳಿಗೆ ಬರುತ್ತೇನೆ. 2005ರ ಮಹಾಪೂರವನ್ನು ಕಂಡವರು ಅದಕ್ಕಿಂತ ಹೆಚ್ಚು ನೀರು ಬರಲಾರದೆಂದು ನಂಬಿದ್ದರು. ಆ ನಂಬಿಕೆ ಕೊಚ್ಚಿಹೋಯಿತು. ನಿಪ್ಪಾಣಿಯ ಬಳಿ ಯಮಗರ್ಣಿಯಲ್ಲಿ ವೇದಗಂಗೆಯ ನೀರು ಪುಣೆ–ಬೆಂಗಳೂರು ಹೆದ್ದಾರಿಯನ್ನೇ ತಡೆಯಿತು. ಕೆಳಗೆ ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್‌ಗೂ ಮಿಗಿಲಾಗಿ ನೀರು ಬಿಟ್ಟರೂ ನಮ್ಮ ದಂಡೆಯ ಊರುಗಳಲ್ಲಿ ನೀರು ಇಳಿಯಲಿಲ್ಲ. ಜನ ಮಾಳಿಗೆ ಹತ್ತಿದರು. ದನಗಳನ್ನು ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದವರು ಬಹಳ. ಜಿಲ್ಲೆಗೆ ಸೈನ್ಯ ಬಂದಿತು, ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ಬಂದಿತು, ಹೆಲಿಕಾಪ್ಟರುಗಳು ಬಂದವು.

ನಮ್ಮೂರಿಗೆ ಬಂದ ಜವಾನರ ರಬ್ಬರ್ ದೋಣಿ ಬಲವಾದದ್ದು, ಯಂತ್ರವೂ ಬಲವಾದದ್ದು. ಆದರೆ ಪೂರ ಬಂದ ಕೃಷ್ಣೆ ಬರಿಯ ನೀರಲ್ಲ. ಕೆಳಗೆ ಆಳೆತ್ತರದ ಕಬ್ಬು ನಿಂತಿರುತ್ತದೆ, ಅದರ ರವದಿ ಯಂತ್ರದ ರೆಕ್ಕೆಗೆ ಸುತ್ತಿಕೊಂಡರೆ ದೋಣಿ ಸೆಳವಿಗೆ ಸಿಕ್ಕಂತೆಯೇ. ಜಾಲಿಯ ಮುಳ್ಳು, ತಂತಿಬೇಲಿ ರಬ್ಬರನ್ನು ಸೀಳುತ್ತವೆ. ವಿದ್ಯುತ್ ತಂತಿ ತಲೆಯ ಮಟ್ಟಕ್ಕೆ ಬಂದಿರುತ್ತದೆ. ತೆರೆದ ಬಾವಿಯ ಮೇಲೆ ನೀರು ಸಣ್ಣಗೆ ಸುಳಿ ತಿರುಗುತ್ತದೆ, ಕಂಡವನಿಗೆ ಮಾತ್ರ ಕಾಣುತ್ತದೆ. ಮೊಸಳೆಗಳು ದಂಡೆ ಬಿಟ್ಟು ಹೊಲಗಳಿಗೆ ಬಂದಿರುತ್ತವೆ. ಇವೆಲ್ಲ ನಕಾಶೆಯಲ್ಲಿ ಇರುವುದಿಲ್ಲ, ಅಂಬಿಗನ ಕಣ್ಣಿನಲ್ಲಿರುತ್ತವೆ. ನಮ್ಮ ಅಂಬಿಗ ಯಾರೂ ಕರೆಯುವ ಮೊದಲೇ ತನ್ನ ಮರದ ದೋಣಿಯನ್ನು ತಂದು ಜವಾನರ ದೋಣಿಯ ಪಕ್ಕದಲ್ಲಿ ನಿಲ್ಲಿಸಿದನು. ಅಣ್ಣ ಹಿಂದಿ, ಮರಾಠಿ ಬಲ್ಲವನು, ನಡುವೆ ನಿಂತು ಮಾತು ದಾಟಿಸಿದನು. ಐದು ದಿನ ಹೀಗೆ ನಡೆಯಿತು. ಮುಂದೆ ಮರದ ದೋಣಿ, ಅದರಲ್ಲಿ ಗಳ ಹಿಡಿದ ಅಂಬಿಗ ಮತ್ತು ಇಬ್ಬರು ಜವಾನರು. ಹಿಂದೆ ರಬ್ಬರ್ ದೋಣಿ. ‘ಇಲ್ಲಿ ಯಂತ್ರ ಎತ್ತಿರಿ’ ಎಂದು ಅವನು ಕೈ ಮಾಡಿದಲ್ಲಿ ಯಂತ್ರ ಎತ್ತಿದರು.

ಆಗಸ್ಟ್ 8ರಂದು ಸಾಂಗಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಸಂತ್ರಸ್ತರನ್ನು ಹೊತ್ತ ದೋಣಿಯೊಂದು ಮಗುಚಿ ಹಲವರು ಜಲಸಮಾಧಿಯಾದ ಸುದ್ದಿ ನಮಗೂ ತಲುಪಿತು. ಮೇಲಿನ ಹೊಳೆಯ ನೀರೇ ನಮ್ಮ ಹೊಳೆಗೂ ಬರುವುದರಿಂದ ಆ ಸುದ್ದಿ ಬೇರೆ ಯಾರದೋ ಅನ್ನಿಸಲಿಲ್ಲ. ಅಂದು ಅಂಬಿಗ ಆರು ಜನಕ್ಕಿಂತ ಹೆಚ್ಚಿಗೆ ಹತ್ತಿಸಲು ಸುತರಾಂ ಒಪ್ಪಲಿಲ್ಲ. ಅತ್ತವರಿಗೂ, ಬೈದವರಿಗೂ, ಊರಿನ ಹಿರಿಯರಿಗೂ ಒಂದೇ ಉತ್ತರ. ಜವಾನರ ನಾಯಕ ಅವನ ಬೆನ್ನಿಗೆ ನಿಂತನು. ದೇಶ ಕಾಯುವವರು ಒಬ್ಬ ಅಂಬಿಗನ ಅಪ್ಪಣೆಗೆ ಕಾಯುತ್ತ ಕುಳಿತ ಆ ನೋಟವನ್ನು ಚೌಡಯ್ಯನವರು ಕಂಡಿದ್ದರೆ ಏನು ನುಡಿಯುತ್ತಿದ್ದರೋ ಎಂದು ನನಗೆ ಅನ್ನಿಸಿತು.

ನೀರು ಇಳಿಯಿತು. ಕೆಸರು ಉಳಿಯಿತು. ಕಬ್ಬೆಲ್ಲ ಕೊಳೆತು ನಾರುತ್ತಿತ್ತು. ಜವಾನರು ಹೊರಡುವ ಹಿಂದಿನ ದಿನ ಅವರಿಗೆ ಅರ್ಧ ದಿನದ ಬಿಡುವು ದೊರೆಯಿತು. ಊರಿನವರು ಶಾಲೆಯ ಮುಂದೆ ಸತ್ಕಾರ ಸಮಾರಂಭ ಇಡಲು ಯೋಚಿಸಿದ್ದರು, ಶಾಲು, ತೆಂಗಿನಕಾಯಿ ಎಲ್ಲ ಸಿದ್ಧವಾಗಿದ್ದವು. ಅಣ್ಣ ನನ್ನನ್ನು ಪಕ್ಕಕ್ಕೆ ಕರೆದು, “ತಮ್ಮಾ, ಹುಡುಗರು ವಾರದಿಂದ ನಿಂತೇ ಅದಾರ. ಇನ್ನ ವೇದಿಕಿ ಮ್ಯಾಲೆ ನಿಲ್ಲಿಸಬ್ಯಾಡ್ರಿ” ಎಂದನು. ಹಿರಿಯರು ಒಪ್ಪಿದರು. ಸಮಾರಂಭ ಸಂಜೆಗೆ ಹೋಯಿತು, ಹತ್ತು ನಿಮಿಷದಲ್ಲಿ ಮುಗಿಯಿತು. ಅದಕ್ಕೂ ಮುಂಚೆ, ಮಧ್ಯಾಹ್ನ, ಅಂಬಿಗ ಅವರನ್ನು ಸರದಿಯ ಮೇಲೆ ತನ್ನ ದೋಣಿಯಲ್ಲಿ ಕೂರಿಸಿಕೊಂಡು ಸೆಳವಿಲ್ಲದ ಹಿನ್ನೀರಿಗೆ ಕರೆದೊಯ್ದನು. ಯಾರನ್ನೂ ರಕ್ಷಿಸಲಿಕ್ಕಿಲ್ಲ, ಏನನ್ನೂ ತಲುಪಿಸಲಿಕ್ಕಿಲ್ಲ. ಸುಮ್ಮನೆ.

ಅವರಲ್ಲಿ ಒಬ್ಬ ಹುಡುಗ ಕೊಂಕಣದ ಮಾಲವಣ ಕಡೆಯವನು, ಮೀನುಗಾರರ ಮನೆಯವನು. ಏಳು ದಿನ ನೀರಿನ ಮೇಲಿದ್ದೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ದೋಣಿಯ ಮೂಲೆಯಲ್ಲಿ ಮಡಚಿಟ್ಟ ಬೀಸುಬಲೆಯನ್ನು ಕಂಡು, ‘ಒಮ್ಮೆ ಬೀಸಲೇ?’ ಎಂದು ಮರಾಠಿಯಲ್ಲಿ ಕೇಳಿದನು. ಅಂಬಿಗ ಬಲೆಯನ್ನು ಕೊಟ್ಟನು. ಹುಡುಗ ಬೂಟು ಬಿಚ್ಚಿದನು, ಬಲೆಯ ಒಂದು ಅಂಚನ್ನು ಹಲ್ಲಿನಲ್ಲಿ ಕಚ್ಚಿದನು, ಸೊಂಟ ತಿರುಗಿಸಿ ಬೀಸಿದನು. ಬಲೆ ಗಾಳಿಯಲ್ಲಿ ಪೂರ್ತಿ ಅರಳಿ ಚಕ್ರದಂತೆ ನೀರಿಗೆ ಬಿದ್ದಿತು. ಮೂವತ್ತು ವರ್ಷ ಬಲೆ ಬೀಸಿದ ಅಂಬಿಗ, “ಅಬಬಬ!” ಎಂದು ಉದ್ಗರಿಸಿದ್ದು ದಂಡೆಯ ಮೇಲಿದ್ದ ನಮಗೂ ಕೇಳಿಸಿತು. ಉಳಿದ ಜವಾನರು ಸೀಟಿ ಹೊಡೆದರು. ಬಲೆಯಲ್ಲಿ ಬಂದದ್ದು ಹೆಚ್ಚಾಗಿ ಕಬ್ಬಿನ ರವದಿ, ಒಂದು ಪ್ಲಾಸ್ಟಿಕ್ ಕೊಡ, ಕೆಲವು ಸಣ್ಣ ಮೀನು. ಹುಡುಗ ಮತ್ತೆ ಬೀಸಿದನು, ಮತ್ತೆ ಬೀಸಿದನು. ಏನು ಬಂದಿತೆಂದು ನೋಡುವ ಆತುರ ಅವನಲ್ಲಿ ಕಾಣಲಿಲ್ಲ. ನಾಲ್ಕನೆಯ ಸಲಕ್ಕೆ ಅವನ ಕೆನ್ನೆ ಒದ್ದೆಯಾಗಿತ್ತು, ಹೊಳೆಯ ನೀರು ಸಿಡಿದದ್ದೂ ಇರಬಹುದು. ಅಣ್ಣ ಎದ್ದು ಅವನ ಬೆನ್ನಿನ ಮೇಲೆ ಕೈಯಿಟ್ಟನು. ಆ ಹಿಡಿದ ಮೀನುಗಳ ಬಗೆಗೆ ಹೇಳುವುದಾದರೆ, ಅವು ಅಂಬಿಗನ ಮನೆಗೆ ಹೋದವು. ನನಗೆ ಅದು ಹಿತವೆನಿಸಲಿಲ್ಲ. ಹಾಗೆಂದು ಆ ಹುಡುಗನ ಕೈಯಿಂದ ಬಲೆಯನ್ನು ಕಸಿದುಕೊಳ್ಳಬೇಕಿತ್ತೆಂದು ಹೇಳಲು ನನ್ನ ನಾಲಗೆ ಏಳುವುದಿಲ್ಲ.

ಸಂಜೆ ದೊಡ್ಡವ್ವ ಎಲ್ಲರಿಗೂ ರೊಟ್ಟಿ, ಬದನೆಕಾಯಿ ಎಣಗಾಯಿ ಬಡಿಸಿದಳು. ಮನೆಯ ಕೆಳಗಿನ ಅರ್ಧ ಗೋಡೆ ಇನ್ನೂ ಹಸಿಯಾಗಿತ್ತು, ಹಿಟ್ಟು ಪರಿಹಾರ ಕೇಂದ್ರದಿಂದ ಬಂದದ್ದು. ಊಟದ ನಂತರ ಜವಾನರು ತಮ್ಮೊಳಗೆ ಕೂಡಿಸಿದ ಹಣವನ್ನು ಅಂಬಿಗನ ಕೈಗಿಡಲು ನೋಡಿದರು. ಐದು ದಿನದ ದುಡಿಮೆ, ಮುರಿದ ಒಂದು ಗಳ, ದೋಣಿಯ ಬದಿಗೆ ಬಿದ್ದ ಸೀಳು, ಲೆಕ್ಕಕ್ಕೆ ಎಲ್ಲವೂ ಇತ್ತು. ಅವನು ಗಳದ ಬೆಲೆಯಷ್ಟನ್ನು ಮಾತ್ರ ಎಣಿಸಿಕೊಂಡು ಉಳಿದುದನ್ನು ಹಿಂದಿರುಗಿಸಿದನು. ಹೆಚ್ಚಾಗಿ ಬಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರಲು ಗಂಡನನ್ನು ಕಳುಹಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾವು ಪ್ರತಿ ಶ್ರಾವಣದಲ್ಲಿ ಪ್ರವಚನದಲ್ಲಿ ಕೇಳುತ್ತೇವೆ. ಅಂಬಿಗ ಆ ಪ್ರವಚನಕ್ಕೆ ಬಂದವನಲ್ಲ. ಶ್ರಾವಣವೆಂದರೆ ಅವನಿಗೆ ಪೂರದ ತಿಂಗಳು. ಸೀಳಿನ ದುರಸ್ತಿಯ ಖರ್ಚನ್ನು ಮರುವಾರ ಊರಿನವರು ಕೂಡಿಸಿದರು, ಅದನ್ನು ಮಾತ್ರ ಅವನು ಬೇಡವೆನ್ನಲಿಲ್ಲ. “ಈ ದೋಣಿ ನಿಮ್ದೂ ಹೌದಲ್ಲ” ಎಂದನು.

ಅಣ್ಣ ಈಗ ಚೆನ್ನಾಗಿ ನಿದ್ದೆ ಮಾಡುತ್ತಾನೆಯೇ ಎಂದು ಕೇಳುವವರಿದ್ದಾರೆ. ಕೆಲವು ರಾತ್ರಿ ಮಾಡುತ್ತಾನೆ. ಇನ್ನು ಕೆಲವು ರಾತ್ರಿ ಅಂಗಳದಲ್ಲಿ ಹೆಜ್ಜೆಯ ಸಪ್ಪಳ ಕೇಳಿಸುತ್ತದೆ, ಆದರೆ ನಾಲ್ಕಕ್ಕೆ ನಿಂತುಬಿಡುತ್ತದೆ. ಆ ಹೊತ್ತಿಗೆ ಅವನು ಹೊಳೆಯ ದಾರಿ ಹಿಡಿದಿರುತ್ತಾನೆ. ನೆರೆಯ ಊರಿನಿಂದ ನಿವೃತ್ತರಾದ ಇನ್ನಿಬ್ಬರು ಯೋಧರೂ ಆಗಾಗ ಬರತೊಡಗಿದ್ದಾರೆ. ದೋಣಿ ಸಣ್ಣದು, ಸರದಿ ಹಚ್ಚುತ್ತಾರೆ.

2021ರ ಜುಲೈಯಲ್ಲಿ ಕೃಷ್ಣೆ ಮತ್ತೆ ಉಕ್ಕಿದಳು. ಯಮಗರ್ಣಿಯಲ್ಲಿ ಹೆದ್ದಾರಿ ಮತ್ತೆ ಮುಚ್ಚಿತೆಂಬ ಸುದ್ದಿ ಬಂದ ರಾತ್ರಿ ಅಂಬಿಗನ ಮೊಬೈಲು ಮೊಳಗಿತು. ಮಾಲವಣದ ಆ ಹುಡುಗ ಉತ್ತರದ ಗಡಿಯ ಯಾವುದೋ ಠಾಣೆಯಿಂದ ಮಾತನಾಡುತ್ತಿದ್ದನು. ನೀರು ಎಲ್ಲಿಗೆ ಬಂದಿದೆ ಎಂದು ಕೇಳಿದನು. ಅಂಬಿಗ ಬಾಗಿಲಿಗೆ ಬಂದು ಬ್ಯಾಟರಿಯ ಬೆಳಕನ್ನು ಗುಡಿಯ ಪಾವಟಿಗೆಗಳ ಮೇಲೆ ಹಾಯಿಸಿ, ತನಗೆ ಬರುವ ಅರೆಬರೆ ಮರಾಠಿಯಲ್ಲಿ, ನಾಲ್ಕು ಪಾವಟಿಗೆ ಇನ್ನೂ ಕಾಣುತ್ತಿವೆ ಎಂದು ತಿಳಿಸಿದನು. ಎರಡು ತಾಸಿನ ನಂತರ ಮತ್ತೆ ಕರೆ ಬಂದಿತು. ಆಗ ಮೂರು ಕಾಣುತ್ತಿದ್ದವು.